ಹಣ್ಣುನೊಣದ ನರಕೋಶಗಳಲ್ಲಿ ಡೋಪಮೈನ್ ಸಾಗಣೆ ಮತ್ತು ಉತ್ತೇಜಕ ಮಾದಕಗಳು

ಕೊಕೇನ್, ಆಂಫೆಟಮಿನ್, ಮೆಥಾಂಫೆಟಮಿನ್, ಮೀಥೈಲ್‌ಫೆನಿಡೇಟ್ ಮೊದಲಾದ ಉತ್ತೇಜಕಗಳು ನರಕೋಶದ ಹೊರಗಿರುವ ಡೋಪಮೈನಿನ ಪ್ರಮಾಣವನ್ನು ಏರಿಸುತ್ತವೆ. ಹೊರಬಿದ್ದ ಡೋಪಮೈನನ್ನು ಮತ್ತೆ ನರಕೋಶದೊಳಗೆ ಸೆಳೆದುಕೊಳ್ಳುವ ಡೋಪಮೈನ್ ವಾಹಕ ಎಂಬ ಪೊರೆಯ ಪ್ರೋಟೀನೇ ಅವುಗಳ ಮುಖ್ಯ ಗುರಿ. ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಎಂಬ ಹಣ್ಣುನೊಣದಲ್ಲಿಯೂ ಈ ವಾಹಕವಿದೆ, ಮನುಷ್ಯನ ವಾಹಕದ ಹತ್ತಿರದ ಸಂಬಂಧಿಯೂ ಆಗಿದೆ. ಹೀಗಾಗಿ ಎರಡು ಮೂರು ಮಿಲಿಮೀಟರ್ ಉದ್ದದ ಈ ಕೀಟ ಮಾದಕ ವ್ಯಸನದ ಜೈವಿಕ ಮೂಲವನ್ನು ಹುಡುಕುವವರಿಗೆ ಮುಖ್ಯ ಪ್ರಯೋಗಜೀವಿಯಾಗಿದೆ. ವಾಹಕದ ಪರಮಾಣು ಮಟ್ಟದ ರಚನೆಯಿಂದ ಹಿಡಿದು ಇಡೀ ನೊಣದ ನಡವಳಿಕೆಯವರೆಗೆ ಒಂದೇ ಜೀವಿಯಲ್ಲಿ ಎಲ್ಲ ಹಂತಗಳನ್ನೂ ಜೋಡಿಸಿ ನೋಡಲು ಸಾಧ್ಯವಾಗಿರುವುದು ಈ ಸಂಶೋಧನೆಯ ವಿಶೇಷ.

ಪ್ರಯೋಗಜೀವಿಯಾಗಿ ಹಣ್ಣುನೊಣ

ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ಈ ನೊಣಕ್ಕೆ ನಾಲ್ಕೇ ಜೊತೆ ವರ್ಣತಂತುಗಳು. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಟ್ಟೆಯಿಂದ ಪ್ರೌಢ ನೊಣ ಬರಲು ಸುಮಾರು 10 ದಿನ ಸಾಕು. ಥಾಮಸ್ ಹಂಟ್ ಮಾರ್ಗನ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1910ರಲ್ಲಿ ಬಿಳಿಗಣ್ಣಿನ ನೊಣವನ್ನು ಗುರುತಿಸಿದ ಮೇಲೆ ಅದು ತಳಿವಿಜ್ಞಾನದ ಕೇಂದ್ರಕ್ಕೆ ಬಂತು. ನಡವಳಿಕೆಗೂ ಜೀನ್‌ಗಳಿಗೂ ಇರುವ ನಂಟನ್ನು ನೊಣದಲ್ಲಿ ಹುಡುಕುವ ಹಾದಿಯನ್ನು 1960ರ ದಶಕದ ಕೊನೆಯಲ್ಲಿ ಕ್ಯಾಲ್ಟೆಕ್‌ನ ಸೀಮರ್ ಬೆಂಜರ್ ತೆರೆದರು. 2000ದಲ್ಲಿ ಅದರ ಜೀನೋಮ್ ಅನುಕ್ರಮ ಪ್ರಕಟವಾಯಿತು. ಮನುಷ್ಯನ ರೋಗಗಳಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ಮುಕ್ಕಾಲು ಪಾಲಿನಷ್ಟಕ್ಕೆ ನೊಣದಲ್ಲಿ ಹೋಲುವ ಜೀನ್ ಇದೆ.

2024ರಲ್ಲಿ ಪ್ರಕಟವಾದ ಸಂಪೂರ್ಣ ನಕ್ಷೆಯ ಪ್ರಕಾರ ಪ್ರೌಢ ಹೆಣ್ಣುನೊಣದ ಮಿದುಳಿನಲ್ಲಿ 1,39,255 ನರಕೋಶಗಳಿವೆ. ಅವುಗಳ ನಡುವೆ ಸುಮಾರು 5 ಕೋಟಿ ನರಸಂಧಿಗಳಿವೆ. ಇಷ್ಟು ನರಕೋಶಗಳ ನಡುವೆ ಡೋಪಮೈನ್ ತಯಾರಿಸುವವು ಕೆಲವು ನೂರು ಮಾತ್ರ. ಅವು ಗುಂಪುಗುಂಪಾಗಿ ಗೊತ್ತಾದ ಜಾಗಗಳಲ್ಲೇ ಕುಳಿತಿರುವುದರಿಂದ ಯಾವ ಗುಂಪು ಏನು ಮಾಡುತ್ತದೆಂದು ಒಂದೊಂದಾಗಿ ಪರೀಕ್ಷಿಸಬಹುದು.

ನೊಣದ ಮಿದುಳಿನಲ್ಲಿ ಡೋಪಮೈನ್

ಡೋಪಮೈನ್ ತಾನೇ ನರವಾಹಕ ರಾಸಾಯನಿಕವೆಂದು 1950ರ ದಶಕದ ಕೊನೆಯಲ್ಲಿ ತೋರಿಸಿದವರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. ಅದಕ್ಕಾಗಿ 2000ದ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಡೋಪಮೈನ್ ತಯಾರಾಗುವ ಬಗೆ ನೊಣದಲ್ಲೂ ಮನುಷ್ಯನಲ್ಲೂ ಒಂದೇ. ಟೈರೊಸಿನ್ ಎಂಬ ಅಮೈನೊ ಆಮ್ಲವನ್ನು ಟೈರೊಸಿನ್ ಹೈಡ್ರಾಕ್ಸಿಲೇಸ್ ಕಿಣ್ವ ಎಲ್-ಡೋಪಾ ಆಗಿಸುತ್ತದೆ, ಡೋಪಾ ಡಿಕಾರ್ಬಾಕ್ಸಿಲೇಸ್ ಅದನ್ನು ಡೋಪಮೈನ್ ಮಾಡುತ್ತದೆ. ಹೀಗೆ ತಯಾರಾದದ್ದನ್ನು ವಿಮ್ಯಾಟ್ ಎಂಬ ಮತ್ತೊಂದು ವಾಹಕ ನರತುದಿಯ ಪುಟ್ಟ ಕೋಶಕಗಳಲ್ಲಿ ತುಂಬಿಡುತ್ತದೆ. ವಿದ್ಯುತ್ ಸಂಕೇತ ಬಂದಾಗ ಕೋಶಕಗಳು ಪೊರೆಗೆ ಬೆಸೆದುಕೊಂಡು ಡೋಪಮೈನನ್ನು ಹೊರಬಿಡುತ್ತವೆ.

ಎಚ್ಚರ, ನಿದ್ರೆ, ಓಡಾಟ, ಕಲಿಕೆ, ನೆನಪು ಇವೆಲ್ಲದರಲ್ಲೂ ನೊಣದ ಡೋಪಮೈನಿಗೆ ಪಾತ್ರವಿದೆ. ಪ್ಯಾಮ್ ಎಂದು ಕರೆಯುವ ಮುಂಭಾಗದ ಗುಂಪಿನಲ್ಲಿ ಮಿದುಳಿನ ಪ್ರತಿ ಬದಿಗೆ ನೂರರ ಆಸುಪಾಸಿನಷ್ಟು ಡೋಪಮೈನ್ ಕೋಶಗಳಿವೆ. ವಾಸನೆಯನ್ನು ಸಕ್ಕರೆಯ ರುಚಿಯೊಂದಿಗೆ ಸೇರಿಸಿ ನೆನಪಿಡಲು ಈ ಗುಂಪು ಬೇಕೆಂದು 2012ರಲ್ಲಿ ಗೊತ್ತಾಯಿತು. ಪೆಟ್ಟಿನ ನೆನಪಿಗೆ ಇನ್ನೊಂದು ಸಣ್ಣ ಗುಂಪು ದುಡಿಯುತ್ತದೆ. ಎರಡೂ ಗುಂಪಿನ ತಂತುಗಳು ಮಶ್ರೂಮ್ ಬಾಡಿ ಎಂಬ ನೆನಪಿನ ಕೇಂದ್ರವನ್ನು ತಲುಪುತ್ತವೆ. ಇಷ್ಟಲ್ಲದೆ, ನೊಣದ ಮೈಯ ಹೊರಪದರ ಗಟ್ಟಿಯಾಗಿ ಬಣ್ಣ ಪಡೆಯುವುದಕ್ಕೂ ಡೋಪಮೈನ್ ಬೇಕು.

ಡೋಪಮೈನ್ ವಾಹಕ

ಹೊರಬಿದ್ದ ಡೋಪಮೈನ್ ಎದುರಿನ ಗ್ರಾಹಕಗಳನ್ನು ತಟ್ಟಿದ ಮೇಲೆ ಅಲ್ಲೇ ಉಳಿಯಬಾರದು. ಉಳಿದರೆ ಒಂದು ಸಂಕೇತ ಮುಗಿದು ಇನ್ನೊಂದು ಮೊದಲಾಗಲು ಎಡೆ ಸಿಗುವುದಿಲ್ಲ. ನರವಾಹಕವನ್ನು ಕೋಶ ಮರಳಿ ಹೀರಿಕೊಳ್ಳುವ ಕ್ರಮವನ್ನು ಅಮೆರಿಕದ ಜೂಲಿಯಸ್ ಆಕ್ಸೆಲ್‌ರಾಡ್ ನಾರ್‌ಅಡ್ರಿನಲಿನ್ ವಿಷಯದಲ್ಲಿ ಕಂಡುಹಿಡಿದರು. ಕೊಕೇನ್ ಆ ಮರುಹೀರಿಕೆಯನ್ನು ತಡೆಯುತ್ತದೆಂದೂ ತೋರಿಸಿದರು. 1970ರ ನೊಬೆಲ್ ಪ್ರಶಸ್ತಿಯನ್ನು ಅವರು ಉಲ್ಫ್ ವಾನ್ ಆಯ್ಲರ್ ಮತ್ತು ಬರ್ನಾರ್ಡ್ ಕಾಟ್ಜ್ ಅವರೊಂದಿಗೆ ಹಂಚಿಕೊಂಡರು.

ಡೋಪಮೈನಿನ ಮರುಹೀರಿಕೆಯನ್ನು ನಡೆಸುವ ಪ್ರೋಟೀನಿಗೆ ಚಿಕ್ಕದಾಗಿ ಡ್ಯಾಟ್ ಎಂದು ಹೆಸರು. ಇಲಿಯ ಡ್ಯಾಟ್ ಜೀನನ್ನು 1991ರಲ್ಲಿ ಬೇರ್ಪಡಿಸಲಾಯಿತು. ನೊಣದ ಡ್ಯಾಟ್ ಜೀನನ್ನು ಪೋರ್ಜ್‌ಗೆನ್, ಜೇ ಹರ್ಷ್, ಸೂಸನ್ ಅಮಾರ ಮತ್ತು ಸಂಗಡಿಗರು 2001ರಲ್ಲಿ ವರ್ಣಿಸಿದರು. ಈ ಪ್ರೋಟೀನ್ ಕೋಶಪೊರೆಯನ್ನು 12 ಬಾರಿ ಹಾದುಹೋಗುತ್ತದೆ. ಅದರ ಅಮೈನೊ ಆಮ್ಲಗಳ ಅರ್ಧಕ್ಕೂ ಹೆಚ್ಚು ಭಾಗ ಮನುಷ್ಯನ ಡ್ಯಾಟ್‌ನಲ್ಲಿರುವುದಕ್ಕೆ ಸರಿಹೊಂದುತ್ತದೆ.

ಒಳಗೆ ಸಾಂದ್ರವಾಗಿರುವ ಡೋಪಮೈನನ್ನು ಹೊರಗಿನಿಂದ ಮತ್ತೂ ಒಳಗೆ ತರಲು ಶಕ್ತಿ ಬೇಕು. ಆ ಶಕ್ತಿ ಸೋಡಿಯಂ ಅಯಾನುಗಳಿಂದ ದೊರೆಯುತ್ತದೆ. ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ. ಏತದಲ್ಲಿ ಒಂದು ತುದಿಯ ಭಾರ ಇಳಿಯುವಾಗ ಇನ್ನೊಂದು ತುದಿಯ ನೀರು ಮೇಲೇರುವಂತೆ, ಸೋಡಿಯಂ ಒಳಗಿಳಿಯುವ ಬಲದಲ್ಲಿ ಡೋಪಮೈನ್ ಒಳಬರುತ್ತದೆ. ಒಂದು ಡೋಪಮೈನ್ ಅಣುವಿನೊಂದಿಗೆ ಎರಡು ಸೋಡಿಯಂ ಮತ್ತು ಒಂದು ಕ್ಲೋರೈಡ್ ಅಯಾನು ಸಾಗುತ್ತವೆಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ವಾಹಕ ಮೊದಲು ಹೊರಗಡೆಗೆ ತೆರೆದುಕೊಂಡಿರುತ್ತದೆ. ಡೋಪಮೈನ್ ಮತ್ತು ಅಯಾನುಗಳು ನಡುವಿನ ಕುಳಿಯಲ್ಲಿ ಕುಳಿತಮೇಲೆ ಹೊರಬದಿ ಮುಚ್ಚುತ್ತದೆ, ಆಮೇಲಷ್ಟೇ ಒಳಬದಿ ತೆರೆಯುತ್ತದೆ. ಎರಡೂ ಬದಿ ಒಟ್ಟಿಗೆ ತೆರೆಯುವುದಿಲ್ಲ.

ಉತ್ತೇಜಕಗಳು ಕೆಲಸ ಮಾಡುವ ಎರಡು ಬಗೆ

ಡ್ಯಾಟ್ ಮೇಲೆ ಎರಗುವ ಉತ್ತೇಜಕಗಳನ್ನು ಎರಡು ಗುಂಪಾಗಿ ವಿಂಗಡಿಸಬಹುದು.

ಮೊದಲನೆಯವು ತಡೆಕಾರಕಗಳು. ಕೊಕೇನ್, ಮೀಥೈಲ್‌ಫೆನಿಡೇಟ್ ಈ ಗುಂಪಿನವು. ಇವು ಹೊರಗಡೆಗೆ ತೆರೆದ ವಾಹಕದ ಕುಳಿಯಲ್ಲಿ ಸೇರಿಕೊಂಡು ಅದು ಮುಚ್ಚದಂತೆ ಮಾಡುತ್ತವೆ. ಇವು ವಾಹಕದ ಮೂಲಕ ಒಳಗೆ ಸಾಗುವುದಿಲ್ಲ, ಡೋಪಮೈನಿಗೂ ದಾರಿ ಬಿಡುವುದಿಲ್ಲ. ಹೀಗಾಗಿ ನರಕೋಶ ಎಂದಿನಂತೆ ಬಿಡುಗಡೆ ಮಾಡಿದ ಡೋಪಮೈನ್ ಹೊರಗೆ ಹೆಚ್ಚು ಹೊತ್ತು ಉಳಿದು ಗ್ರಾಹಕಗಳನ್ನು ಮತ್ತೆ ಮತ್ತೆ ಕೆಣಕುತ್ತದೆ.

ಎರಡನೆಯವು ಬಿಡುಗಡೆಕಾರಕಗಳು. ಆಂಫೆಟಮಿನ್ ಮತ್ತು ಮೆಥಾಂಫೆಟಮಿನ್ ಡೋಪಮೈನನ್ನೇ ಹೋಲುವ ಸಣ್ಣ ಅಣುಗಳು. ಡ್ಯಾಟ್ ಇವನ್ನು ಸರಕೆಂದೇ ಬಗೆದು ಒಳಗೆ ಒಯ್ಯುತ್ತದೆ. ಡೋಪಮೈನಿನೊಂದಿಗೆ ಪೈಪೋಟಿ ಮಾಡುವುದರಿಂದ ಮರುಹೀರಿಕೆ ಕುಗ್ಗುವುದು ಮೊದಲ ಪರಿಣಾಮ. ಒಳಹೊಕ್ಕ ಮೇಲೆ ಇವು ಕೋಶಕಗಳಲ್ಲಿ ಕೂಡಿಟ್ಟ ಡೋಪಮೈನ್ ಕೋಶರಸಕ್ಕೆ ಸೋರುವಂತೆ ಮಾಡುತ್ತವೆ. ಆಮೇಲೆ ಡ್ಯಾಟ್ ಹಿಮ್ಮುಖವಾಗಿ ದುಡಿದು ಆ ಡೋಪಮೈನನ್ನು ಹೊರಕ್ಕೆ ಸಾಗಿಸುತ್ತದೆ. ಈ ಬಿಡುಗಡೆಗೆ ನರಕೋಶದಲ್ಲಿ ವಿದ್ಯುತ್ ಸಂಕೇತ ಏಳಬೇಕೆಂದಿಲ್ಲ.

ಕೋಶಕಗಳಿಂದ ಡೋಪಮೈನ್ ಸೋರುವುದು ಹೇಗೆಂಬುದರ ಬಗ್ಗೆ ಬಹುಕಾಲ ವಾದವಿತ್ತು. ಝ್ಯಾಕರಿ ಫ್ರೈಬರ್ಗ್, ಡೇವಿಡ್ ಸುಲ್ಜರ್, ಜೊನಾಥನ್ ಜ್ಯಾವಿಚ್ ಮತ್ತು ಸಂಗಡಿಗರು 2016ರಲ್ಲಿ ಈ ಪ್ರಶ್ನೆಯನ್ನು ನೊಣದ ಇಡೀ ಮಿದುಳಿನಲ್ಲೇ ಪರೀಕ್ಷಿಸಿದರು. ಡೋಪಮೈನಿನಂತೆ ಕೋಶಕಕ್ಕೆ ಸೇರುವ ಹೊಳೆಯುವ ಅಣುವನ್ನೂ, ಕೋಶಕದೊಳಗಿನ ಆಮ್ಲೀಯತೆ ಬದಲಾದರೆ ಹೊಳಪು ಬದಲಿಸುವ ಪ್ರೋಟೀನನ್ನೂ ಬಳಸಿ ಅವರು ಸೂಕ್ಷ್ಮದರ್ಶಕದಡಿ ಕೋಶಕಗಳನ್ನು ಗಮನಿಸಿದರು. ಆಂಫೆಟಮಿನನ್ನು ಡ್ಯಾಟ್ ನರಕೋಶದೊಳಕ್ಕೂ, ವಿಮ್ಯಾಟ್ ಕೋಶಕದೊಳಕ್ಕೂ ಸಾಗಿಸುತ್ತದೆ. ಅದು ಕೋಶಕದೊಳಗೆ ಬರುವಾಗ ಬದಲಿಗೆ ಪ್ರೋಟಾನುಗಳು ಹೊರಹೋಗಿ ಆಮ್ಲೀಯತೆ ಕುಗ್ಗುತ್ತದೆ. ಡೋಪಮೈನನ್ನು ಕೋಶಕದೊಳಗೆ ಹಿಡಿದಿಡುತ್ತಿದ್ದುದು ಆ ಆಮ್ಲೀಯತೆಯ ವ್ಯತ್ಯಾಸವೇ ಆದ್ದರಿಂದ ಡೋಪಮೈನ್ ಹೊರಬರುತ್ತದೆ.

ಜೀವಂತ ಮಿದುಳಿನಲ್ಲಿ ಅಳತೆ

ಇಲಿಗಳಲ್ಲಿ ಡೋಪಮೈನಿನ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆಯುವ ವಿಧಾನ ನೊಣಕ್ಕೆ ಒಗ್ಗಲು ಕಾಲ ಹಿಡಿಯಿತು. ವೇಗದ ಆವರ್ತ ವೋಲ್ಟಾಮಿತಿ ಎಂಬ ಈ ವಿಧಾನದಲ್ಲಿ ಕೆಲವೇ ಮೈಕ್ರೋಮೀಟರ್ ದಪ್ಪದ ಇಂಗಾಲದ ಎಳೆಯನ್ನು ವಿದ್ಯುದ್ವಾರವಾಗಿ ಮಿದುಳಿಗೆ ಇಳಿಸುತ್ತಾರೆ. ಅದರ ವೋಲ್ಟೇಜನ್ನು ಬೇಗಬೇಗ ಏರಿಸಿ ಇಳಿಸಿದಾಗ ಹತ್ತಿರದ ಡೋಪಮೈನ್ ಅಣುಗಳು ಎಲೆಕ್ಟ್ರಾನು ಕಳೆದುಕೊಂಡು ಡೋಪಮೈನ್ ಕ್ವಿನೋನ್ ಆಗುತ್ತವೆ. ಆಗ ಹರಿಯುವ ವಿದ್ಯುತ್ತಿನ ಪ್ರಮಾಣದಿಂದ ಡೋಪಮೈನ್ ಎಷ್ಟಿದೆಯೆಂದು ತಿಳಿಯುತ್ತದೆ. 2009ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಜಿಲ್ ವೆಂಟನ್ ಅವರ ತಂಡ ಮರಿಹುಳುವಿನ ನರಹುರಿಯಲ್ಲಿ ಬೆಳಕಿನಿಂದ ನರಕೋಶಗಳನ್ನು ಕೆರಳಿಸಿ, ಅವು ಬಿಡುವ ಡೋಪಮೈನನ್ನು ಅಳೆಯಿತು.

ಉತ್ತೇಜಕಗಳ ಮಟ್ಟಿಗೆ ನಿರ್ಣಾಯಕವಾದದ್ದು ಮೊನಿಕ್ ಮಾಕೋಸ್, ಕ್ಯುಂಗ್-ಆನ್ ಹಾನ್, ಮೈಕೆಲ್ ಹೀನ್ ಮತ್ತು ಆಂಡ್ರ್ಯೂ ಯೂಯಿಂಗ್ 2010ರಲ್ಲಿ ಪ್ರಕಟಿಸಿದ ಪ್ರಯೋಗ. ಪ್ರೌಢ ನೊಣದ ಮಿದುಳಿನ ಪ್ಯಾಮ್ ಭಾಗದಲ್ಲಿ ಇಂಗಾಲದ ವಿದ್ಯುದ್ವಾರವನ್ನು ನಿಲ್ಲಿಸಿ, ಪಕ್ಕದಲ್ಲೇ ಕೂದಲಿಗಿಂತ ತೆಳುವಾದ ಗಾಜಿನ ನಳಿಕೆಯಿಂದ ಡೋಪಮೈನನ್ನು ಹಾಕಿ, ಅದು ಎಷ್ಟು ಬೇಗ ಮಾಯವಾಗುತ್ತದೆಂದು ನೋಡಿದರು. ಸಹಜ ನೊಣದಲ್ಲಿ ಅದು ಬೇಗ ತೆರವಾಯಿತು. ಕೊಕೇನ್, ಆಂಫೆಟಮಿನ್, ಮೆಥಾಂಫೆಟಮಿನ್, ಮೀಥೈಲ್‌ಫೆನಿಡೇಟ್ ಈ ನಾಲ್ಕರಲ್ಲಿ ಯಾವುದನ್ನು ಕೊಟ್ಟರೂ ತೆರವು ಎದ್ದು ಕಾಣುವಷ್ಟು ನಿಧಾನವಾಯಿತು.  ಡ್ಯಾಟ್ ಕೆಲಸ ಮಾಡದ ಉತ್ಪರಿವರ್ತಿತ ನೊಣಗಳಿಗೆ ಇದೇ ನಾಲ್ಕನ್ನು ಕೊಟ್ಟಾಗ ತೆರವಿನಲ್ಲಿ ಬದಲಾವಣೆಯೇ ಆಗಲಿಲ್ಲ. ಡೋಪಮೈನ್ ತೆರವನ್ನು ಈ ಉತ್ತೇಜಕಗಳು ತಡೆಯುವುದು ಡ್ಯಾಟ್ ಮೂಲಕವೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಯೂಯಿಂಗ್ ಅವರ ತಂಡ 2013ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಆಹಾರದಲ್ಲಿ ಮೀಥೈಲ್‌ಫೆನಿಡೇಟ್ ತಿಂದ ನೊಣಗಳ ಮಿದುಳಿಗೆ ಕೊಕೇನ್ ಕೊಟ್ಟು ಅಳತೆ ಮಾಡಿತು. ಏನೂ ತಿನ್ನಿಸದ ನೊಣಗಳಲ್ಲಿ ಕೊಕೇನ್ ಸೇರಿದಾಗ ಡೋಪಮೈನ್ ಸಂಕೇತದ ಎತ್ತರ ಮೊದಲಿನ ಶೇ 150ಕ್ಕೆ ಏರಿದರೆ, ಮೀಥೈಲ್‌ಫೆನಿಡೇಟ್ ತಿಂದವುಗಳಲ್ಲಿ ಶೇ 110ರಷ್ಟೇ ಆಯಿತು. ಮೀಥೈಲ್‌ಫೆನಿಡೇಟ್ ಆಗಲೇ ಬಹುಪಾಲು ವಾಹಕಗಳನ್ನು ಹಿಡಿದಿದ್ದರಿಂದ ಕೊಕೇನಿಗೆ ತಡೆಯಲು ಹೆಚ್ಚೇನೂ ಉಳಿದಿರಲಿಲ್ಲ. ಏಕಾಗ್ರತೆಯ ಕೊರತೆ ಇರುವ ಮಕ್ಕಳಿಗೆ ವೈದ್ಯರು ಕೊಡುವ ಔಷಧವೂ ಬೀದಿಯಲ್ಲಿ ಮಾರುವ ಮಾದಕವೂ ಒಂದೇ ಪ್ರೋಟೀನನ್ನು ಹಿಡಿಯುತ್ತವೆ. ಪ್ರಮಾಣ, ಮಿದುಳನ್ನು ತಲುಪುವ ವೇಗ, ತೆಗೆದುಕೊಳ್ಳುವ ಹಾದಿ ಇವುಗಳಿಂದ ಫಲ ಬೇರೆಯಾಗುತ್ತದೆ.

ಡ್ಯಾಟ್ ಇಲ್ಲದ ನೊಣ

ಮೇಲಿನ ಪ್ರಯೋಗದ ಉತ್ಪರಿವರ್ತಿತ ನೊಣಕ್ಕೆ ಫ್ಯೂಮಿನ್ ಎಂದು ಹೆಸರು. ಕಜುಹಿಕೊ ಕುಮೆ, ರಾಬ್ ಜಾಕ್ಸನ್ ಮತ್ತು ಸಂಗಡಿಗರು 2005ರಲ್ಲಿ ಇದನ್ನು ವರ್ಣಿಸಿದರು. ಇದರ ಡ್ಯಾಟ್ ಜೀನ್ ಕೆಟ್ಟಿರುವುದರಿಂದ ಡೋಪಮೈನ್ ಹೊರಗೇ ಉಳಿಯುತ್ತದೆ. ಈ ನೊಣ ಹಗಲೂ ರಾತ್ರಿಯೂ ಓಡಾಡುತ್ತದೆ, ಸಹಜ ನೊಣಕ್ಕಿಂತ ಬಹಳ ಕಡಿಮೆ ನಿದ್ರಿಸುತ್ತದೆ. ಅದೇ ವರ್ಷ ರೊಜಿ ಆಂಡ್ರೆಟಿಚ್, ಬ್ರೂನೊ ವಾನ್ ಸ್ವಿಂಡೆರೆನ್ ಮತ್ತು ರಾಲ್ಫ್ ಗ್ರೀನ್‌ಸ್ಪ್ಯಾನ್ ಸಹಜ ನೊಣಗಳಿಗೆ ಮೆಥಾಂಫೆಟಮಿನ್ ಕೊಟ್ಟು ಅವುಗಳ ನಿದ್ರೆ ಇಳಿದು ಎಚ್ಚರ ಏರುವುದನ್ನು ತೋರಿಸಿದರು. ಜೀನ್ ಕೆಟ್ಟರೂ ಮಾದಕ ಕೊಟ್ಟರೂ ನೊಣ ಒಂದೇ ದಿಕ್ಕಿಗೆ ಹೊರಳುತ್ತದೆ. ಉತ್ತೇಜಕಗಳಿಂದ ನಿದ್ರೆ ಹಾರಿಹೋಗುವುದಕ್ಕೆ ಡೋಪಮೈನೇ ಮುಖ್ಯ ಕಾರಣವೆಂಬ ವಿಚಾರಕ್ಕೆ ಇದರಿಂದ ಬಲ ಬಂತು.

ವಾಹಕದ ರಚನೆ

ಅಮೆರಿಕದ ಎರಿಕ್ ಗೂವೊ ಅವರ ತಂಡ 2005ರಲ್ಲಿ ಇದೇ ಕುಟುಂಬದ ಒಂದು ಬ್ಯಾಕ್ಟೀರಿಯಾ ಪ್ರೋಟೀನಿನ ರಚನೆಯನ್ನು ಬಿಡಿಸಿತ್ತು. ಪ್ರಾಣಿಗಳ ವಾಹಕಗಳನ್ನು ಹರಳುಗಟ್ಟಿಸುವುದು ಕಷ್ಟ, ಪೊರೆಯಿಂದ ಬಿಡಿಸಿದೊಡನೆ ಅವು ಕೆಡುತ್ತವೆ. ನೊಣದ ಡ್ಯಾಟ್ ಈ ಕೆಲಸಕ್ಕೆ ಒದಗಿಬಂತು. ಅರವಿಂದ್ ಪೆನ್ಮತ್ಸ, ಕೆವಿನ್ ವಾಂಗ್ ಮತ್ತು ಗೂವೊ ಅದರಲ್ಲಿ ಕೆಲವು ಅಮೈನೊ ಆಮ್ಲಗಳನ್ನು ಬದಲಿಸಿ ಶಾಖಕ್ಕೆ ತಾಳಿಕೊಳ್ಳುವಂತೆ ಮಾಡಿದರು. ಖಿನ್ನತೆಯ ಔಷಧ ನಾರ್‌ಟ್ರಿಪ್ಟಿಲಿನ್ ಜೊತೆಗೂಡಿದ ಅದರ ಎಕ್ಸ್-ಕಿರಣ ರಚನೆಯನ್ನು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

2015ರಲ್ಲಿ ಇದೇ ಮೂವರು ಡೋಪಮೈನ್, ಆಂಫೆಟಮಿನ್, ಮೆಥಾಂಫೆಟಮಿನ್, ಕೊಕೇನ್ ಒಂದೊಂದೂ ನೊಣದ ಡ್ಯಾಟ್‌ಗೆ ಅಂಟಿಕೊಂಡಿರುವ ರಚನೆಗಳನ್ನು ಬಿಡಿಸಿದರು. ಎಲ್ಲವೂ ಪೊರೆಯ ದಪ್ಪದ ನಡುಮಧ್ಯದಲ್ಲಿರುವ ಒಂದೇ ಕುಳಿಯಲ್ಲಿ, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳ ಪಕ್ಕದಲ್ಲಿ ಕುಳಿತಿದ್ದವು. ಕುಳಿಯಲ್ಲಿರುವ 46ನೆಯ ಆಸ್ಪಾರ್ಟಿಕ್ ಆಮ್ಲ ಈ ಅಣುಗಳ ಅಮೈನ್ ಗುಂಪನ್ನು ಹಿಡಿಯಲು ಮುಖ್ಯ. ಮನುಷ್ಯನ ಡ್ಯಾಟ್‌ನಲ್ಲಿ ಅದೇ ಜಾಗ 79ನೆಯದು. ಡೋಪಮೈನ್, ಆಂಫೆಟಮಿನ್‌ನಂಥ ಸಣ್ಣ ಅಣು ಕುಳಿತಾಗ ಕುಳಿ ಅದರ ಸುತ್ತ ಮುಚ್ಚಿಕೊಳ್ಳತೊಡಗುತ್ತದೆ. ದೊಡ್ಡ ಗಾತ್ರದ ಕೊಕೇನ್ ಕುಳಿತಾಗ ವಾಹಕ ಹೊರಗಡೆಗೆ ತೆರೆದೇ ಉಳಿಯುತ್ತದೆ. ಸರಕಿಗೂ ತಡೆಕಾರಕಕ್ಕೂ ಇರುವ ವ್ಯತ್ಯಾಸ ಹೀಗೆ ಕಣ್ಣಿಗೆ ಕಂಡಿತು.

ಮನುಷ್ಯನ ಡ್ಯಾಟ್‌ನ ರಚನೆ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ದೊರೆತದ್ದು 2024ರಲ್ಲಿ. ಅಲ್ಲಿಯವರೆಗೆ ಸುಮಾರು ಹತ್ತು ವರ್ಷ ಕಾಲ ಕೊಕೇನ್ ಎಲ್ಲಿ ಕೂರುತ್ತದೆಂದು ತಿಳಿಯಲು ಜಗತ್ತಿನ ಪ್ರಯೋಗಾಲಯಗಳು ನೊಣದ ರಚನೆಯನ್ನೇ ಆಧರಿಸಿದ್ದವು. ಪೆನ್ಮತ್ಸ ಅವರು ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಕೆಲಸವನ್ನು ಮುಂದುವರಿಸಿದ್ದಾರೆ. 2021ರಲ್ಲಿ ಅವರ ತಂಡ ನೊಣದ ಡ್ಯಾಟ್‌ನ ಕುಳಿಯನ್ನು ಮನುಷ್ಯನ ನಾರ್‌ಅಡ್ರಿನಲಿನ್ ವಾಹಕದಂತೆ ಮಾರ್ಪಡಿಸಿ, ನಾರ್‌ಅಡ್ರಿನಲಿನ್ ಮತ್ತು ಕೆಲವು ನೋವುನಿವಾರಕ ಔಷಧಗಳು ಅಲ್ಲಿ ಹೇಗೆ ಕೂರುತ್ತವೆಂದು ತೋರಿಸಿತು.

ನಡವಳಿಕೆಯಲ್ಲಿ ಕಾಣುವ ಪರಿಣಾಮ

ಕೊಲೀನ್ ಮೆಕ್‌ಲಂಗ್ ಮತ್ತು ಜೇ ಹರ್ಷ್ 1998ರಲ್ಲಿ ನೊಣಗಳಿಗೆ ಕೊಕೇನನ್ನು ಆವಿಯ ರೂಪದಲ್ಲಿ ಕೊಟ್ಟರು. ಕಡಿಮೆ ಪ್ರಮಾಣದಲ್ಲಿ ನೊಣಗಳು ಬಿಡದೆ ಮೈ ಉಜ್ಜಿಕೊಂಡವು. ಪ್ರಮಾಣ ಏರಿದಂತೆ ಸುತ್ತು ಹೊಡೆದವು, ಅಡ್ಡಕ್ಕೂ ಹಿಂದಕ್ಕೂ ನಡೆದವು. ಇನ್ನೂ ಹೆಚ್ಚಾದಾಗ ನಡುಕ ಬಂದು, ಮೈ ಸೆಟೆದು ಸತ್ತವು. ಒಂದೇ ಪ್ರಮಾಣವನ್ನು ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಕೊಟ್ಟಾಗ ಪ್ರತಿಕ್ರಿಯೆ ಮೊದಲಿಗಿಂತ ತೀವ್ರವಾಯಿತು. ಸಂವೇದನೆ ಏರುವ ಈ ಗುಣ ಸಸ್ತನಿಗಳಲ್ಲೂ ಇದೆ, ವ್ಯಸನ ಬೇರೂರುವುದಕ್ಕೆ ಅದೊಂದು ಮೆಟ್ಟಿಲೆಂದು ಹಲವರು ಭಾವಿಸುತ್ತಾರೆ. 1999ರಲ್ಲಿ ಆಂಡ್ರೆಟಿಚ್, ಹರ್ಷ್ ಮತ್ತು ಸಂಗಡಿಗರು ಈ ಏರಿಕೆಗೆ ‘ಪೀರಿಯಡ್’ ಮೊದಲಾದ ದಿನಚರಿಯ ಗಡಿಯಾರದ ಜೀನ್‌ಗಳು ಬೇಕೆಂದು ಕಂಡುಕೊಂಡರು. ಮುಂದೆ ಇಲಿಗಳ ಮೇಲೆ ನಡೆದ ಅಧ್ಯಯನಗಳು ಗಡಿಯಾರದ ಜೀನ್‌ಗಳಿಗೂ ಕೊಕೇನಿಗೂ ಇರುವ ನಂಟನ್ನು ಹುಡುಕಿದವು.

2000ದಲ್ಲಿ ರೋಲ್ಯಾಂಡ್ ಬೇಂಟನ್, ಉಲ್ರಿಕೆ ಹೆಬರ್ಲೈನ್ ಮತ್ತು ಸಂಗಡಿಗರು ನೊಣಗಳಲ್ಲಿ ಡೋಪಮೈನ್ ತಯಾರಿಕೆಯನ್ನು ತಗ್ಗಿಸಿದರೆ ಕೊಕೇನಿನ ಪ್ರತಿಕ್ರಿಯೆ ಬದಲಾಗುತ್ತದೆಂದು ತೋರಿಸಿದರು. ನೊಣ ತಾನಾಗಿ ಕೊಕೇನನ್ನು ಬಯಸುವುದೇ ಎಂಬ ಪ್ರಶ್ನೆಗೆ ಯೂಟಾ ವಿಶ್ವವಿದ್ಯಾಲಯದ ಏಡ್ರಿಯನ್ ರೋಥೆನ್‌ಫ್ಲೂ ಅವರ ತಂಡ 2025ರಲ್ಲಿ ಉತ್ತರ ಕೊಟ್ಟಿತು. ಕೊಕೇನ್ ಕಹಿಯಾದ್ದರಿಂದ ನೊಣ ಅದನ್ನು ತಳ್ಳಿಹಾಕುತ್ತದೆ. ಕಹಿ ಗುರುತಿಸುವ ನರಕೋಶಗಳನ್ನು ಸುಮ್ಮನಾಗಿಸಿದರೆ, ಕೊಕೇನ್ ಬೆರೆತ ಸಕ್ಕರೆನೀರಿನ ಕಡೆಗೆ ಅದರ ಒಲವು ಬೆಳೆಯುತ್ತದೆ.

ಮಾನವ ವಾಹಕ ಹೊತ್ತ ನೊಣಗಳು

ಡ್ಯಾಟ್ ಇಲ್ಲದ ನೊಣದ ಡೋಪಮೈನ್ ಕೋಶಗಳಲ್ಲಿ ಮನುಷ್ಯನ ಡ್ಯಾಟ್ ಜೀನನ್ನು ಇರಿಸಿದರೆ ಅದು ಅಲ್ಲಿ ಕೆಲಸ ಮಾಡುತ್ತದೆ. ಆರೆಲಿಯೊ ಗಲ್ಲಿ ಮತ್ತು ಹೈನ್ರಿಚ್ ಮ್ಯಾಥೀಸ್ ಅವರ ತಂಡ ಈ ಉಪಾಯವನ್ನು ಚೆನ್ನಾಗಿ ಬಳಸಿಕೊಂಡಿತು. ಆಟಿಸಂ ಇರುವ ಒಂದು ಮಗುವಿನಲ್ಲಿ ಹೊಸದಾಗಿ ಕಾಣಿಸಿಕೊಂಡ ಡ್ಯಾಟ್ ಉತ್ಪರಿವರ್ತನೆಯನ್ನು ನೊಣಕ್ಕೆ ಕೊಟ್ಟಾಗ ನೊಣ ಅತಿಯಾಗಿ ಚಟುವಟಿಕೆ ತೋರಿತೆಂದು 2013ರ ವರದಿ ಹೇಳುತ್ತದೆ. ಡ್ಯಾಟ್‌ನ ಒಳತುದಿ ಕೋಶಪೊರೆಯ ಪಿಐಪಿ2 ಎಂಬ ಕೊಬ್ಬಿನ ಅಣುವನ್ನು ಹಿಡಿಯದಂತೆ ಮಾಡಿದರೆ ಆಂಫೆಟಮಿನ್ ಕೊಟ್ಟರೂ ನೊಣದ ಓಡಾಟ ಹೆಚ್ಚುವುದು ಕುಗ್ಗುತ್ತದೆಂದು 2014ರಲ್ಲಿ ತೋರಿಸಲಾಯಿತು. ಡೋಪಮೈನನ್ನು ಒಳಗೆ ಸೆಳೆಯುವ ಕೆಲಸ ಮಾತ್ರ ಆಗಲೂ ನಡೆಯುತ್ತಿತ್ತು. ಒಳಸಾಗಣೆಯನ್ನು ಕೆಡಿಸದೆ ಹಿಮ್ಮುಖ ಸಾಗಣೆಯನ್ನಷ್ಟೇ ತಡೆಯುವುದು ಸಾಧ್ಯವೆಂಬುದು ಔಷಧ ಹುಡುಕುವವರಿಗೆ ಬೆಲೆಯುಳ್ಳ ಸುಳಿವು.

ಮಿತಿಗಳು

ನೊಣದಲ್ಲಿ ನಾರ್‌ಅಡ್ರಿನಲಿನ್ ಇಲ್ಲ, ಆ ಬಗೆಯ ಕೆಲಸಗಳನ್ನು ಆಕ್ಟೊಪಮೈನ್ ಮತ್ತು ಟೈರಮೈನ್ ನಡೆಸುತ್ತವೆ. ನೊಣದ ಡ್ಯಾಟ್ ಡೋಪಮೈನನ್ನೇ ಸಾಗಿಸಿದರೂ ಔಷಧಗಳಿಗೆ ಅದು ತೋರುವ ಒಲವು ಹಲವು ಕಡೆ ಸಸ್ತನಿಗಳ ನಾರ್‌ಅಡ್ರಿನಲಿನ್ ವಾಹಕವನ್ನು ಹೋಲುತ್ತದೆ. ಸಸ್ತನಿಗಳಲ್ಲಿ ಡೋಪಮೈನನ್ನು ಒಡೆಯುವ ಮೊನೊಅಮೈನ್ ಆಕ್ಸಿಡೇಸ್ ಕಿಣ್ವದ ಬದಲು ನೊಣ ಬೇರೆ ಕಿಣ್ವಗಳನ್ನು ಬಳಸುತ್ತದೆ. ಕೊಕೇನ್ ಸೆರೊಟೊನಿನ್ ವಾಹಕವನ್ನೂ ಸೋಡಿಯಂ ನಾಳಗಳನ್ನೂ ತಡೆಯುವುದರಿಂದ ನೊಣದ ಎಲ್ಲ ನಡವಳಿಕೆಯನ್ನೂ ಡ್ಯಾಟ್‌ಗೇ ಹೊರಿಸಲಾಗದು. ಮನುಷ್ಯನ ವ್ಯಸನದಲ್ಲಿ ಬಡತನ, ಒಂಟಿತನ, ಸಹವಾಸ, ಹಳೆಯ ನೋವು ಎಲ್ಲವೂ ಸೇರಿರುತ್ತವೆ. ಅವನ್ನು ಯಾವ ನೊಣವೂ ತೋರಿಸಿಕೊಡಲಾರದು.

ಮಹತ್ವ

ಈ ಮಿತಿಗಳೊಳಗೂ ಹಣ್ಣುನೊಣದ ಕೊಡುಗೆ ದೊಡ್ಡದು. ಕೊಕೇನ್ ವಾಹಕವನ್ನು ಕಟ್ಟಿಹಾಕುತ್ತದೆ, ಆಂಫೆಟಮಿನ್ ಅದನ್ನು ಹಿಂದುಮುಂದಾಗಿ ದುಡಿಸುತ್ತದೆ, ಎರಡೂ ಸೇರುವುದು ಒಂದೇ ಕುಳಿಯಲ್ಲಿ. ಈ ಮೂರು ಮಾತಿಗೂ ಅಣುವಿನಲ್ಲಿ, ಜೀವಂತ ಮಿದುಳಿನಲ್ಲಿ, ನಡವಳಿಕೆಯಲ್ಲಿ ಬೇರೆಬೇರೆಯಾಗಿ ದೊರೆತ ಸಾಕ್ಷ್ಯಗಳು ನೊಣದಲ್ಲಿ ಒಂದಕ್ಕೊಂದು ತಾಳೆಯಾಗಿವೆ. ವ್ಯಸನಿಯನ್ನು ಬರೀ ಮನೋಬಲವಿಲ್ಲದವನೆಂದು ದೂರುವ ರೂಢಿ ನಮ್ಮ ಸಮಾಜದಲ್ಲಿ ಇನ್ನೂ ಹೋಗಿಲ್ಲ. ವ್ಯಸನದ ಹಿಂದೆ ಅಳೆದು ತೋರಿಸಬಹುದಾದ ದೈಹಿಕ ಬದಲಾವಣೆಯಿದೆ ಎಂಬುದನ್ನು ಈ ಸಂಶೋಧನೆ ಸ್ಪಷ್ಟಪಡಿಸಿದೆ. ಆದ್ದರಿಂದ ವ್ಯಸನಕ್ಕೆ ಬೇಕಾದದ್ದು ಚಿಕಿತ್ಸೆ. ಕೊಕೇನ್ ವ್ಯಸನಕ್ಕೆಂದೇ ಅಧಿಕೃತ ಮನ್ನಣೆ ಪಡೆದ ಔಷಧ ಇಂದಿಗೂ ಇಲ್ಲ. ಅದನ್ನು ಹುಡುಕುವ ದಾರಿಯಲ್ಲಿ ಡೋಪಮೈನ್ ವಾಹಕವೂ ಅದನ್ನು ಹೊತ್ತ ಹಣ್ಣುನೊಣವೂ ಮುಂದೆಯೂ ಬೇಕಾಗುತ್ತವೆ.